ಬ್ಯಾಜರ್ ಬರುವ ಹಿತ್ತಲಿಗೆ ಬೇಲಿ ಹಾಕುವುದು ಹೇಗೆ?

ಬ್ರಿಸ್ಟಲ್, ಬ್ರೈಟನ್‌ನಂಥ ಇಂಗ್ಲೆಂಡಿನ ನಗರಗಳಲ್ಲಿ ರಾತ್ರಿ ಹೊತ್ತು ಹಿತ್ತಲಿಗೆ ಬ್ಯಾಜರ್ ಬರುವುದು ಅಪರೂಪವಲ್ಲ. ನೆಲದಲ್ಲಿ ಬಿಲ ತೋಡಿ ವಾಸಿಸುವ, ಹತ್ತು ಹನ್ನೆರಡು ಕಿಲೋ ತೂಗುವ ಈ ಕಾಡುಪ್ರಾಣಿ ಬೆಳಗಾಗುವುದರೊಳಗೆ ಹುಲ್ಲುಹಾಸನ್ನು ಚಾಪೆಯಂತೆ ಮಗುಚಿ ಹಾಕಿರುವುದನ್ನು ಕಂಡವರಲ್ಲಿ ಅನೇಕರು ಗಾಬರಿಯಿಂದ ಬಿಲ ಹುಡುಕಿ ಅದರ ಬಾಯಿಗೆ ಮಣ್ಣು ತುಂಬುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 1992ರ ಬ್ಯಾಜರ್ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಳಕೆಯಲ್ಲಿರುವ ಬಿಲವನ್ನು ಮುಚ್ಚುವುದೂ ಅಪರಾಧ. ಫೆಬ್ರವರಿಯ ಸುಮಾರಿಗೆ ಹುಟ್ಟುವ ಮರಿಗಳು ಮೊದಲ ಕೆಲವು ವಾರ ಆ ಬಿಲದೊಳಗೇ ಇರುತ್ತವೆ. ಬಿಲದಿಂದ ಮನೆಯ ಗೋಡೆಗೆ ಅಪಾಯವಿದ್ದರೆ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಪರಿಸರ ಸಂಸ್ಥೆಯಿಂದ ಪರವಾನಗಿ ಪಡೆಯಬೇಕು.

ಮೊದಲು, ಬಂದದ್ದು ಬ್ಯಾಜರ್ ಹೌದೇ ಎಂದು ನೋಡಿಕೊಳ್ಳಿ. ಅಗಲವಾದ ಹೆಜ್ಜೆಯಲ್ಲಿ ಐದು ಬೆರಳುಗಳ ಗುರುತಿದ್ದರೆ, ಸಣ್ಣ ಗುಂಡಿಗಳಲ್ಲಿ ಹಿಕ್ಕೆ ಕಂಡರೆ ಅನುಮಾನ ಬೇಡ. ನರಿಯ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡುತ್ತವೆ.

ಎರಡನೆಯದಾಗಿ, ಯಾವುದನ್ನು ಕಾಪಾಡಬೇಕೆಂದು ನಿರ್ಧರಿಸಿ. ಇಡೀ ಹಿತ್ತಲಿಗೆ ಬೇಲಿ ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತರಕಾರಿ ಮಡಿಗಳನ್ನಷ್ಟೇ ಸುತ್ತುವರಿದು, ಬ್ಯಾಜರ್ ಎಂದಿನಿಂದ ಓಡಾಡುವ ಜಾಡನ್ನು ಅದಕ್ಕೇ ಬಿಟ್ಟುಬಿಡಿ.

ಇನ್ನು ಬೇಲಿ. ಹೆಚ್ಚಿನವರು ಸೋಲುವುದು ಇಲ್ಲಿಯೇ. ವಿದ್ಯುತ್ ಬೇಲಿಗೆ ನೆಲದಿಂದ 10, 15, 20 ಮತ್ತು 30 ಸೆಂ.ಮೀ. ಎತ್ತರದಲ್ಲಿ ನಾಲ್ಕು ತಂತಿಗಳನ್ನು ಎಳೆಯಬೇಕು. ಬ್ಯಾಜರ್ ಬೇಲಿ ಹಾರುವುದಕ್ಕಿಂತ ಅಡಿಯಿಂದ ಮೂಗು ತೂರಿಸಿ ನುಗ್ಗುವುದೇ ಹೆಚ್ಚು; ಅದರ ದಪ್ಪ ತುಪ್ಪಳಕ್ಕೆ ವಿದ್ಯುತ್ತು ಸರಿಯಾಗಿ ತಾಗದ ಕಾರಣ ಮೊದಲ ಪೆಟ್ಟು ಮೂಗಿಗೇ ಬೀಳಬೇಕು. ನೆಲ ತಗ್ಗಾಗಿರುವಲ್ಲಿ ಕೆಳಗಿನ ತಂತಿಯ ಅಂತರ ತಾನಾಗಿಯೇ ಹೆಚ್ಚುವುದರಿಂದ, ಪ್ರತಿ ತಗ್ಗಿನಲ್ಲೂ ಒಂದೊಂದು ಹೆಚ್ಚುವರಿ ಗೂಟ ನೆಟ್ಟು ತಂತಿಯನ್ನು ಇಳಿಸಿ ಕಟ್ಟಿ. ಅರ್ತಿಂಗ್ ಸಲಾಕೆಯನ್ನು ತೇವವಿರುವ ಜಾಗದಲ್ಲಿ ಆಳವಾಗಿ ಹೂಳಿ. ಒಣ ಮಣ್ಣಿನಲ್ಲಿ ಹೂಳಿದರೆ ಪೆಟ್ಟು ತೀರ ದುರ್ಬಲವಾಗುತ್ತದೆ. ಒಂದೇ ಒಂದು ಹಸಿ ಹುಲ್ಲಿನ ಎಸಳು ತಂತಿಗೆ ತಾಗಿದರೂ ವಿದ್ಯುತ್ತು ಸೋರುವುದರಿಂದ ಬೇಲಿಯಡಿಯ ಹುಲ್ಲನ್ನು ಆಗಾಗ ಸವರುತ್ತಿರಬೇಕು. ಕತ್ತಲಾಗುವ ಮೊದಲೇ ಚಾಲೂ ಮಾಡಿ, ಚೆನ್ನಾಗಿ ಬೆಳಕು ಹರಿದ ಮೇಲೆ ನಿಲ್ಲಿಸಿ. ಬೇಲಿಗೆಂದೇ ತಯಾರಾದ ಯಂತ್ರವನ್ನಷ್ಟೇ ಬಳಸಿ, ಎಚ್ಚರಿಕೆಯ ಫಲಕ ತೂಗುಹಾಕಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮನುಷ್ಯರ ಪ್ರಾಣಕ್ಕೇ ಅಪಾಯ. ಬೆಳೆ ಮಾಗುವ ಮೊದಲೇ ಇದೆಲ್ಲ ಮುಗಿದಿರಲಿ, ಏಕೆಂದರೆ ಒಮ್ಮೆ ಮೆಕ್ಕೆಜೋಳದ ರುಚಿ ಕಂಡ ಬ್ಯಾಜರ್ ಅಷ್ಟು ಸುಲಭವಾಗಿ ಹಿಂಜರಿಯುವುದಿಲ್ಲ.

ಬ್ಯಾಜರ್ ಓಡಿಸುತ್ತದೆಂದು ಹೇಳುವ ವಾಸನೆಯ ದ್ರಾವಣಗಳಿಗೆ ಹಣ ಸುರಿಯಬೇಡಿ. ಡೀಸೆಲ್, ನುಸಿಗುಳಿಗೆಗಳನ್ನು ಬಿಲದೊಳಗೆ ಹಾಕುವುದಂತೂ ಕ್ರೌರ್ಯವೂ ಹೌದು, ಕಾನೂನಿಗೆ ವಿರುದ್ಧವೂ ಹೌದು.

ಹುಲ್ಲುಹಾಸಿನ ವಿಷಯ ಬೇರೆ. ಅಲ್ಲಿ ಬ್ಯಾಜರ್ ಹುಡುಕುವುದು ಎರೆಹುಳು ಮತ್ತು ಗೊಣ್ಣೆಹುಳುಗಳನ್ನು. ಗೊಣ್ಣೆಹುಳುಗಳಿಗೆ ಬೇಸಿಗೆಯ ಕೊನೆಯಲ್ಲಿ, ಮಣ್ಣು 12 ಡಿಗ್ರಿಗಿಂತ ಬೆಚ್ಚಗೂ ತೇವವಾಗಿಯೂ ಇರುವಾಗ, ಅವನ್ನು ಕೊಲ್ಲುವ ನೆಮಟೋಡ್‌ಗಳೆಂಬ ಸೂಕ್ಷ್ಮ ಹುಳುಗಳನ್ನು ನೀರಿನಲ್ಲಿ ಕಲಸಿ ಸುರಿಯಿರಿ. ಮಗುಚಿದ ಹುಲ್ಲನ್ನು ಅಂದೇ ಮತ್ತೆ ಒತ್ತಿ ಕೂರಿಸಿ, ನೀರನ್ನು ಬೆಳಿಗ್ಗೆ ಹಾಕಿ. ಸಂಜೆ ಹಾಕಿದರೆ ಎರೆಹುಳುಗಳು ಮೇಲೆದ್ದು ಬಂದು ಅದೇ ರಾತ್ರಿ ಬ್ಯಾಜರ್ ಮರಳುತ್ತದೆ.