ಬೀಟೆಯ ಗಿಟಾರಿಗೆ ಅರಗಿನ ಪಾಲಿಷ್: ನನ್ನ ಅನುಭವ

ಎಲೆಕ್ಟ್ರಿಕ್ ಗಿಟಾರಿಗೆ ಅರಗಿನ ಪಾಲಿಷ್ ನಿಲ್ಲುವುದಿಲ್ಲ ಎಂದು ನನಗೆ ಹೇಳದವರು ಮೈಸೂರಿನಲ್ಲಿ ಉಳಿದಿರಲಿಲ್ಲ. ಕಾರಿಗೆ ಬಣ್ಣ ಹೊಡೆಯುವವರು ಹೇಳಿದರು, ಪೀಠೋಪಕರಣದ ಅಂಗಡಿಯವರು ಹೇಳಿದರು. ನಮ್ಮ ತಂಡದ ಡ್ರಮ್ಮರ್ ಅಂತೂ ಬೆವರು ತಾಗಿದ ದಿನವೇ ಅದು ಪಾಯಸವಾಗುತ್ತದೆ ಎಂದು ಪಂತ ಕಟ್ಟಿದ್ದ. ಎರಡು ಮಳೆಗಾಲಗಳು, ಗಣೇಶನ ಪೆಂಡಾಲುಗಳು, ಒಂದು ಮದುವೆಯ ಆರತಕ್ಷತೆ ಎಲ್ಲ ಮುಗಿದ ಮೇಲೂ ಗಿಟಾರ್ ಹೊಳೆಯುತ್ತಿದೆ. ಪಂತದ ದೋಸೆಯನ್ನು ವಸೂಲು ಮಾಡಿಕೊಂಡಿದ್ದೇನೆ.

ಗಿಟಾರ್ ಕಟ್ಟುವುದು ಹೇಗೆಂದು ಇಲ್ಲಿ ಬರೆಯುವುದಿಲ್ಲ. ಮರ ಕೊರೆಯುವ ರೌಟರ್ ಯಂತ್ರ ಹಿಡಿದವರಿಗೆ ಅದೆಲ್ಲ ಗೊತ್ತು. ಬಾಡಿ ಹಲಸಿನದು, ಎರಡು ತುಂಡು ಅಂಟಿಸಿದ್ದು. ವೀಣೆಗೆ ಆಗುವ ಮರ ಗಿಟಾರಿಗೇಕೆ ಆಗದು ಎಂಬ ಹಟ ನನ್ನದು. ಅದರ ಮೇಲೆ ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಬೀಟೆಯ ಹಲಗೆ. ಮಂಡಿ ಮೊಹಲ್ಲಾದಲ್ಲಿ ಕೂಡುಕೆತ್ತನೆ (ಒಂದು ಮರದೊಳಗೆ ಇನ್ನೊಂದು ಮರದ ತುಂಡು ಕೂರಿಸುವ ಕೆಲಸ) ಮಾಡುವ ಹಿರಿಯ ಸಾಹೇಬರೊಬ್ಬರು ತಮ್ಮಲ್ಲಿ ಉಳಿದಿದ್ದ ತುಂಡುಗಳನ್ನು ಬಿಲ್ ಸಮೇತ ಕೊಟ್ಟು, ಅಂಚಿಗೆ ಬಿಳಿಯ ಹಾಲೆಮರದ ಎಳೆಯನ್ನೂ ಗಿಟಾರಿನ ತಂತಿ ಕೂರುವ ಸೇತುವೆಯ ಕೆಳಗೆ ಒಂದು ಸಣ್ಣ ಬಳ್ಳಿಯನ್ನೂ ಕೂರಿಸಿಕೊಟ್ಟರು. ಹಲಸಿಗೆ ಎರಡು ಸಾವಿರದೊಳಗೆ ಆಯಿತು. ಬೀಟೆ ಮತ್ತು ಅವರ ಕೂಲಿ ಸೇರಿ ನಾಲ್ಕೂವರೆ ಸಾವಿರದ ಆಸುಪಾಸು. ಬೀಟೆಗೆ ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡು ಹೊರಮೈಯ ಪಾಲಿಷ್‌ಗೆ ಹೋಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮೊದಲು ಹಚ್ಚಿದ್ದು ಎಣ್ಣೆ ಆಧಾರದ ಪಾಲಿಯುರೆಥೇನ್ ವಾರ್ನಿಶ್. ಒಂದೇ ಡಬ್ಬಿ, ಒಂದೇ ಬ್ರಶ್, ಒಂದೇ ಮಧ್ಯಾಹ್ನ. ಹಿಂಬದಿಯ ಹಲಸಿನ ಮೇಲೆ ಮರುದಿನಕ್ಕೆ ಉಗುರು ಇಳಿಯದಷ್ಟು ಗಟ್ಟಿಯಾಯಿತು. ಮುಂಬದಿಯ ಬೀಟೆಯ ಮೇಲೆ ವಾರ ಕಳೆದರೂ ಅಂಟು. ಬಿಸಿಲಿಗಿಟ್ಟೆ, ಫ್ಯಾನಿನ ಕೆಳಗಿಟ್ಟೆ, ಅಟ್ಟದಲ್ಲಿಟ್ಟೆ. ಧೂಳು ಕೂತಿತೇ ಹೊರತು ಒಣಗಲಿಲ್ಲ. ಡಬ್ಬಿ ಹಳೆಯದೆಂದು ಅಂಗಡಿಯವರ ಮೇಲೆ ಹರಿಹಾಯಲು ಹೋಗುವುದಿತ್ತು, ಆದರೆ ಹಿಂಬದಿ ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಬೀಟೆಯೊಳಗಿನ ಸಹಜ ರಾಸಾಯನಿಕಗಳು ಎಣ್ಣೆಯ ವಾರ್ನಿಶ್ ಗಾಳಿ ಕುಡಿದು ಗಟ್ಟಿಯಾಗುವುದನ್ನೇ ತಡೆಯುತ್ತವೆ. ಅದೆಲ್ಲ ಕೆರೆದು ತೆಗೆಯಲು ಒಂದು ಕಟ್ಟು ಉಪ್ಪುಕಾಗದ ಮುಗಿಯಿತು. ಬೀಟೆಯ ಹೊಟ್ಟು ಮೂಗಿಗೆ ಹೋದವರಿಗೆ ಆ ಸಂಕಟ ಗೊತ್ತು. ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಆಮೇಲೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ (ದ್ರಾವಕ ಆರಿದಾಗ ಗಟ್ಟಿಯಾಗುವ ಮೆರುಗು) ಸ್ಪ್ರೇ. ಐವತ್ತರ ದಶಕದ ಅಮೆರಿಕದ ಗಿಟಾರುಗಳಿಗೆ ಅದೇ ಇತ್ತು ಎಂಬ ವ್ಯಾಮೋಹ ನನಗೂ ಉಂಟು. ಒಂದು ಕ್ಯಾನಿಗೆ ನಾನೂರರ ಹತ್ತಿರ, ಅಂಥ ನಾಲ್ಕೈದು ಕ್ಯಾನ್. ಆಷಾಢದ ಜಡಿಮಳೆಯಲ್ಲಿ ತಾರಸಿಯ ಶೀಟಿನ ಕೆಳಗೆ ಹೊಡೆದರೆ ಏನಾಗಬೇಕೋ ಅದೇ ಆಯಿತು: ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಸಿಕ್ಕಿಬಿದ್ದು, ಬೀಟೆಯ ಮೇಲೆ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿತು. ಫೆಬ್ರವರಿಯಲ್ಲಿ ಹೊಡೆದಿದ್ದರೆ ನಿಂತಿರುತ್ತಿತ್ತು ಎಂದು ಈಗಲೂ ನಂಬಿದ್ದೇನೆ. ಆದರೆ ಫೆಬ್ರವರಿಯವರೆಗೆ ಕಾಯುವವರು ಯಾರು?

ಮೂರನೆಯದು ಕಾರಿಗೆ ಹೊಡೆಯುವ, ಎರಡು ಡಬ್ಬಿಯದನ್ನು ಬೆರೆಸಿ ಬಳಸುವ ಪಾಲಿಯುರೆಥೇನ್, ಅಂದರೆ ಪಿಯು. ಅದನ್ನು ನಾನೇ ಹೊಡೆಯಲಿಲ್ಲ. ಊರ ಹೊರಗಿನ ಒಂದು ಗ್ಯಾರೇಜಿಗೆ ಬೀಟೆಯ ತುಂಡೊಂದನ್ನು ಮಾತ್ರ ಪರೀಕ್ಷೆಗೆ ಕೊಟ್ಟೆ. ಕನ್ನಡಿಯ ಹೊಳಪು ಬಂತು. ಬ್ಲೇಡಿನಿಂದ ಗೀರಿ ಟೇಪ್ ಅಂಟಿಸಿ ಎಳೆದೆ, ಹೊಳಪು ಟೇಪಿನ ಜೊತೆಗೇ ಬಂತು. ಅಲ್ಲಿಯ ಪೇಂಟರ್ ಒಳ್ಳೆಯ ಮನುಷ್ಯ. "ಸಾರ್, ಎಣ್ಣೆ ಮರ ಇದು. ಕೆಳಗೆ ಅರಗಿನ ಒಂದು ಕೋಟ್ ಕೊಟ್ಟು ತನ್ನಿ, ಮೇಲೆ ನಾನು ಹೊಡೆಯುತ್ತೇನೆ" ಎಂದರು. ಅವರು ಹೇಳಿದ್ದು ಸರಿಯಾದ ದಾರಿಯೇ. ಮೇಣ ತೆಗೆದ ಅರಗು ಬೀಟೆಯ ಮೇಲೂ ಹಿಡಿಯುತ್ತದೆ, ಅದರ ಮೇಲೆ ಪಿಯು ಕೂಡ ಹಿಡಿಯುತ್ತದೆ. ಮೇಣ ಉಳಿದಿದ್ದರೆ ಮಾತ್ರ ಪಿಯು ಕೈಕೊಡುತ್ತದೆ. ಆದರೆ ಆ ಒಂದು ಕೋಟ್ ಕೊಟ್ಟ ಸಂಜೆ ಬೀಟೆಯೊಳಗಿನ ನೇರಳೆ ಗೆರೆಗಳು ಎದ್ದು ಬಂದದ್ದನ್ನು ನೋಡಿ ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟೆ.

ಅರಗು ಮೈಸೂರಿಗೆ ಹೊಸದೇನಲ್ಲ. ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ನಮ್ಮ ಬಣ್ಣದ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ತೆರೆದಾಗ ಅದರ ಹೆಸರು 'ಮೈಸೂರು ಲ್ಯಾಕ್ ಆ್ಯಂಡ್ ಪೇಂಟ್ ವರ್ಕ್ಸ್'. ಶಾಯಿ ಬಂದದ್ದು 1962ರಲ್ಲಿ. ಅರಗು ಅದಕ್ಕಿಂತ ಹಿರಿಯಣ್ಣ. ಮಂಡಿ ಮೊಹಲ್ಲಾದ ಬೀಟೆಯ ಫಲಕಗಳಿಗೂ ತಲೆಮಾರುಗಳಿಂದ ಕೈಯಲ್ಲಿ ಉಜ್ಜಿದ ಅರಗಿನ ಪಾಲಿಷ್ ಆಗಿಬಂದಿದೆ. ಗಿಟಾರಿಗೆ ಬೇಡವೆಂದವರ ಮನೆಯ ಹಜಾರದಲ್ಲಿ ಆ ಆನೆಯ ಫಲಕಗಳು ತೂಗುತ್ತಿರುತ್ತವೆ ಎಂಬುದು ಬೇರೆ ಮಾತು.

ಕರಗಿಸುವ ಅಳತೆ: ನೂರು ಗ್ರಾಂ ಅರಗಿನ ಚಕ್ಕೆಗೆ ಸುಮಾರು ಅರ್ಧ ಲೀಟರ್ ಸ್ಪಿರಿಟ್, ಅಂದರೆ ಪಾಲಿಷಿಗೆ ಬಳಸುವ ಆಲ್ಕೋಹಾಲ್. ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿ, ಗಾಜಿನ ಬಾಟಲಿಯಲ್ಲಿ ಕೆಲವು ದಿನ ಅಲುಗಾಡಿಸದೆ ಇಟ್ಟರೆ ಮೇಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಸಂತೆಪೇಟೆಯ ಕಡೆ ಚಕ್ಕೆ ಕಾಲು ಕಿಲೋಗೆ ಮುನ್ನೂರು ಮುನ್ನೂರೈವತ್ತು ಕೊಟ್ಟ ನೆನಪು. ಬಾಟಲಿಯಲ್ಲಿ ಕರಗಿಸಿಯೇ ಮಾರುವುದನ್ನು ಕೊಳ್ಳಬೇಡಿ. ಕರಗಿಸಿ ಬಹಳ ಕಾಲವಾದ ಅರಗು ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಸ್ವಲ್ಪ ಹೊತ್ತಾದ ಮೇಲೂ ಬೆರಳಿಗೆ ಅಂಟಿದರೆ ಚೆಲ್ಲಿಬಿಡಿ. ಕೊರೊನಾ ಕಾಲದಲ್ಲಿ ಉಳಿದಿದ್ದ ಸ್ಯಾನಿಟೈಸರ್ ಕ್ಯಾನಿನಲ್ಲೂ ಕರಗಿಸಿ ನೋಡಿದೆ. ಅದರಲ್ಲಿ ನೀರೂ ಇತ್ತು, ಗ್ಲಿಸರಿನ್ನೂ ಇತ್ತು. ಬಂದದ್ದು ಮೊಸರಿನಂಥ ಮುದ್ದೆ, ದಂಡ.

ನಿಜವಾದ ತಲೆನೋವು ಬಿಳಿಯ ಎಳೆ. ಬೀಟೆಯ ಬಣ್ಣ ಸ್ಪಿರಿಟ್‌ಗೆ ಬಿಟ್ಟುಕೊಳ್ಳುತ್ತದೆ. ಅರಗು ಸೋಕಿಸಿ ಉಜ್ಜುವ ಬಟ್ಟೆಯುಂಡೆಯನ್ನು ಬೀಟೆಯ ಮೇಲಿಂದ ಹಾಲೆಮರದ ಮೇಲೆ ಎಳೆದರೆ ಬಿಳಿಯ ಎಳೆ ಕಂದು ನೇರಳೆಗೆ ತಿರುಗುತ್ತದೆ. ಪರೀಕ್ಷೆಯ ತುಂಡಿನಲ್ಲಿ ಇದನ್ನು ಕಂಡು ಸಾಹೇಬರ ಬಳಿಗೆ ಓಡಿದೆ. ಅವರು ಕನ್ನಡಕ ಏರಿಸಿ ನೋಡಿ, "ಸ್ಪಿರಿಟ್ ತಾಗಿದರೆ ಬೀಟೆ ಅಳುತ್ತದೆ ಸ್ವಾಮಿ. ಮೊದಲು ಬಿಳಿಯ ಬಾಯಿ ಮುಚ್ಚಿ" ಎಂದರು. ಅಂದರೆ ಸೊನ್ನೆ ನಂಬರಿನ ಕುಂಚದಲ್ಲಿ ಬಿಳಿಯ ಎಳೆಯ ಮೇಲೆ ಮಾತ್ರ ಗಟ್ಟಿ ಅರಗನ್ನು ಎರಡು ಮೂರು ಸಲ ಎಳೆದು, ಒಣಗಿಸಿ, ಆಮೇಲೆ ಉಳಿದದ್ದಕ್ಕೆ ಕೈಹಚ್ಚುವುದು. ಉಂಡೆ ಎಂದಿಗೂ ಎಳೆಯನ್ನು ಅಡ್ಡ ದಾಟಬಾರದು, ಅದರ ಉದ್ದಕ್ಕೆ ಓಡಬೇಕು. ಆ ಮೊದಲ ಅರಗಿಗೆ ಸಾಹೇಬರು ಒಂದು ಚಿಟಿಕೆ ಏನನ್ನೋ ಸೇರಿಸಲು ಹೇಳಿಕೊಟ್ಟರು. ಬಿಳಿ ಬಿಳಿಯಾಗಿಯೇ ಉಳಿಯುವುದರ ಗುಟ್ಟು ಅದೇ. ಅದು ಅವರ ಮನೆಯ ವಿದ್ಯೆ, ಇಲ್ಲಿ ಬರೆಯುವ ಹಕ್ಕು ನನಗಿಲ್ಲ.

ರಂಧ್ರ ತುಂಬಲು ಬಡಗಿಗಳ ಚಾಕ್‌ಪುಡಿ ಬೇಡವೇ ಬೇಡ, ಬೀಟೆಯ ಕಪ್ಪಿನಲ್ಲಿ ಬಿಳಿ ಚುಕ್ಕೆ ಎದ್ದು ಕಾಣುತ್ತದೆ. ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು) ಪುಡಿಯನ್ನು ಚೂರೇ ಉದುರಿಸಿ ಸ್ಪಿರಿಟಿನ ಉಂಡೆಯಲ್ಲಿ ಸುತ್ತುಸುತ್ತಾಗಿ ಉಜ್ಜಿದರೆ ಮರದ ಹೊಟ್ಟೇ ಅರಗಿನ ಜೊತೆ ರಂಧ್ರಕ್ಕೆ ಇಳಿಯುತ್ತದೆ. ಹಿಂಬದಿಯ ಹಲಸಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ, ಅದರ ರಂಧ್ರಗಳು ದೊಡ್ಡವು. ಅಲ್ಲಿ ಹಲಸಿನ ಹೊಟ್ಟನ್ನೇ ಅರಗಿನಲ್ಲಿ ಕಲಸಿ ಬಳಿದು ಉಜ್ಜಿದೆ. ಹತ್ತಿರದಿಂದ ನೋಡಿದರೆ ಈಗಲೂ ಗುಳಿಗಳು ಕಾಣುತ್ತವೆ. ಹತ್ತಿರದಿಂದ ಯಾರೂ ನೋಡುವುದಿಲ್ಲ.

ಉಂಡೆ ಮೇಲ್ಮೈಗೆ ಅಂಟಿಕೊಳ್ಳದೆ ಜಾರಲು ಒಂದು ತೊಟ್ಟು ಎಣ್ಣೆ ಬೇಕಲ್ಲ, ಅದರಲ್ಲೂ ಪ್ರಯೋಗ ನಡೆಯಿತು. ಹರಳೆಣ್ಣೆ ಮೊದಲು ಬಲು ಸೊಗಸಾಗಿ ಜಾರಿತು. ಆದರೆ ಅದು ಸ್ಪಿರಿಟಿನಲ್ಲಿ ಬೆರೆಯುವ ಎಣ್ಣೆ. ಅರಗಿನ ಪದರದೊಳಗೇ ಉಳಿದು ಅದನ್ನು ಮೆದುವಾಗಿಸಿತು, ಬೆರಳಿನ ಗುರುತು ಕೂರತೊಡಗಿತು. ಕೊಬ್ಬರಿ ಎಣ್ಣೆ ಗೆದ್ದಿತು. ಅದು ಮೇಲೆಯೇ ತೇಲುತ್ತದೆ, ಕೊನೆಯಲ್ಲಿ ಬರಿಯ ಸ್ಪಿರಿಟ್ ಸೋಕಿಸಿದ ಉಂಡೆಯಲ್ಲಿ ಎತ್ತಿಕೊಳ್ಳಬಹುದು. ಡಿಸೆಂಬರಿನ ಬೆಳಿಗ್ಗೆ ಮಾತ್ರ ಬಾಟಲಿಯಲ್ಲಿ ಹೆಪ್ಪುಗಟ್ಟಿರುತ್ತದೆ, ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಕೂರಬೇಕು.

ನಡುವೆ ಚನ್ನಪಟ್ಟಣದ ಗೊಂಬೆಯ ಹುಚ್ಚೂ ಹಿಡಿಯಿತು. ಅಲ್ಲಿ ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಶಾಖಕ್ಕೆ ಕರಗಿ ಹರಡುತ್ತದೆ. ಗಿಟಾರ್ ತಿರುಗುವುದಿಲ್ಲ, ಹಾಗಾಗಿ ಕೆಂಪು ಕಡ್ಡಿಯನ್ನು ಹಳೆಯ ಇಸ್ತ್ರಿಪೆಟ್ಟಿಗೆಯಲ್ಲಿ ಕರಗಿಸಿ ಹಲಸಿನ ತುಂಡಿನ ಮೇಲೆ ಹರಡಲು ನೋಡಿದೆ. ಅಲೆಅಲೆಯಾಗಿ ಕೂತಿತು, ಸುಟ್ಟ ವಾಸನೆ ಮನೆಯೆಲ್ಲ. ಆದರೆ ಮೂರು ನಾಬ್‌ಗಳನ್ನು ಹಾಲೆಮರದಲ್ಲಿ ತಿರುಗಿಸಿ, ಡ್ರಿಲ್ಲಿಗೆ ಸಿಕ್ಕಿಸಿ ಅದೇ ಕಡ್ಡಿ ಒತ್ತಿದಾಗ ಅಚ್ಚುಕಟ್ಟಾಗಿ ಬಂದವು. ಗಿಟಾರ್ ನೋಡಿದವರೆಲ್ಲ ಮೊದಲು ಕೇಳುವುದು ಆ ಕೆಂಪು ನಾಬ್‌ಗಳನ್ನೇ.

ಈಗ ಬೆವರಿನ ಮಾತು. ಅರಗು ಬೆವರಿಗೆ, ನೀರಿಗೆ ಬಿಳಿಚುತ್ತದೆ ಎಂಬುದು ಸುಳ್ಳಲ್ಲ. ಬಲ ಮುಂಗೈ ಒರಗುವ ಅಂಚಿನಲ್ಲಿ ಮೊದಲ ಬೇಸಿಗೆಯಲ್ಲೇ ಮಂಕು ಕಂಡಿತು. ಆ ಅಂಗೈಯಗಲದ ಜಾಗಕ್ಕೆ ಬೇರೆಯದೇ ಮಿಶ್ರಣ ಹಾಕುತ್ತೇನೆ. ಅರಗಿನ ಜೊತೆ ಇನ್ನೊಂದು ರಾಳ ಸೇರಿದೆ ಎಂಬಷ್ಟನ್ನು ಹೇಳಬಲ್ಲೆ, ಪ್ರಮಾಣ ನನ್ನಲ್ಲೇ ಇರಲಿ. ವರ್ಷಕ್ಕೊಮ್ಮೆ ಅರ್ಧ ಗಂಟೆ ಉಂಡೆ ಆಡಿಸಿದರೆ ಹಳೆಯ ಪದರದೊಳಗೆ ಹೊಸದು ಕರಗಿ ಒಂದಾಗುತ್ತದೆ. ಪಿಯುಗೆ ಗೀರು ಬಿದ್ದರೆ ಹೀಗೆ ಮಾಡಿ ತೋರಿಸಲಿ. ವೇದಿಕೆಯ ಹಿಂದೆ ಕೈಗೆ ಸ್ಯಾನಿಟೈಸರ್ ಹಾಕಿಕೊಂಡವರನ್ನು, ಸುಗಂಧ ಸಿಂಪಡಿಸಿಕೊಂಡವರನ್ನು ಮಾತ್ರ ಗಿಟಾರಿನ ಬಳಿ ಬಿಡುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲೂ ಇಡುವುದಿಲ್ಲ. ಸ್ಟ್ಯಾಂಡಿನ ರಬ್ಬರಿಗೆ ಹತ್ತಿಬಟ್ಟೆ ಸುತ್ತಿದ್ದೇನೆ.

ಸ್ವರ? ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ) ಕೇಳುವುದು ತಂತಿಯನ್ನು, ಪಾಲಿಷನ್ನಲ್ಲ. ಅರಗಿನಿಂದ ಧ್ವನಿ ತೆರೆದುಕೊಂಡಿತು ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಕಾಫಿ ಕುಡಿಸಿ ಕಳುಹಿಸುತ್ತೇನೆ. ಪದರ ತೆಳುವಾದ್ದರಿಂದ ನೆಕ್ ಕೂರುವ ಗುಂಡಿಯನ್ನು ಮತ್ತೆ ಕೆರೆಯಬೇಕಾಗಲಿಲ್ಲ, ಆ ಲಾಭವೊಂದು ಖಂಡಿತ. ನೆಕ್‌ಗೆ ಅರಗು ಹಾಕಿಲ್ಲ. ಬೆವರಿದ ಹೆಬ್ಬೆರಳು ಅದರ ಮೇಲೆ ಅಂಟುತ್ತದೆ. ಅಲ್ಲಿ ಕುದಿಸಿದ ಅಗಸೆ ಎಣ್ಣೆ, ತೆಳ್ಳಗೆ ಮೂರು ನಾಲ್ಕು ಸಲ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಹರಡಿ ಒಣಗಿಸಿ.

ಹಾಳಾದ ವಾರ್ನಿಶ್, ಸ್ಪ್ರೇ, ಉಪ್ಪುಕಾಗದ, ಗ್ಯಾರೇಜಿನ ಪರೀಕ್ಷೆ ಎಲ್ಲ ಸೇರಿ ಐದು ಸಾವಿರಕ್ಕೆ ಹತ್ತಿರ ಹೋಗಿತ್ತು. ನಿಂತ ಪಾಲಿಷ್‌ಗೆ ಚಕ್ಕೆ, ಸ್ಪಿರಿಟ್, ಪ್ಯೂಮಿಸ್, ಹಳೆಯ ಪಂಚೆಯ ತುಂಡು ಸೇರಿ ಎಂಟುನೂರು ದಾಟಿಲ್ಲ. ನಿಮ್ಮ ಬಾಡಿ ಬರಿಯ ಹಲಸೋ ಸಿಲ್ವರ್ ಓಕೋ ಆಗಿದ್ದು, ಅದಕ್ಕೆ ಗಾಢ ಬಣ್ಣ ಬೇಕಿದ್ದರೆ ಪಿಯುಗೇ ಹೋಗಿ, ನನ್ನ ಅಡ್ಡಿಯಿಲ್ಲ. ಬೀಟೆ ಇದ್ದರೆ ಅರಗು. ಡ್ರಮ್ಮರ್ ಈಗ ತನ್ನ ಬೀಟೆಯ ಸ್ನೇರ್ ಡ್ರಮ್ಮಿನ ಕಟ್ಟನ್ನು ತಂದು ನಮ್ಮ ಜಗಲಿಯಲ್ಲಿಟ್ಟು ಹೋಗಿದ್ದಾನೆ. ಸಾಮಗ್ರಿಯ ದುಡ್ಡು ಮುಂಗಡ ಎಂದು ಹೇಳಿದ್ದೇನೆ, ಇನ್ನೂ ಬಂದಿಲ್ಲ.