ಹಾರ್ಡ್ ಕ್ರೋಮ್ ಹೊಗೆ ಟ್ಯಾಂಕಿನ ಅಂಚಲ್ಲೇ ನಿಂತಿತು: ನನ್ನ ಅನುಭವ

ನಾಲ್ಕಡಿ ಅಗಲದ ಕ್ರೋಮ್ ಟ್ಯಾಂಕಿಗೆ ಹೊಗೆ ಎಳೆಯುವ ಎಕ್ಸಾಸ್ಟ್ ಕೆಲಸ ಮಾಡಲ್ಲ, ಸುಮ್ನೆ ದುಡ್ಡು ದಂಡ ಅಂತ ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವ ಎಲ್ಲರೂ ಹೇಳಿದರು. ಈಗ ಎರಡು ವರ್ಷದ ಮೇಲಾಯಿತು. ನನ್ನ ಟ್ಯಾಂಕ್ ಪಕ್ಕ ನಿಂತರೆ ಮೂಗು ಉರಿಯಲ್ಲ. ಅವತ್ತು ಬೇಡ ಅಂದವರಲ್ಲೇ ಕೆಲವರು ಬಂದು ಅಳತೆ ತಗೊಂಡು ಹೋಗಿದ್ದಾರೆ.

ನಮ್ಮದು ಹೈಡ್ರಾಲಿಕ್ ರಾಡ್‌ಗಳಿಗೆ ಕರೆಂಟ್ ಹಾಯಿಸಿ ದಪ್ಪ, ಗಟ್ಟಿ ಕ್ರೋಮ್ ಪದರ ಕೂರಿಸುವ ಕೆಲಸ. ಬಾತ್, ಅಂದರೆ ಟ್ಯಾಂಕಿನ ದ್ರಾವಣ, ಪ್ಲೇಟಿಂಗ್‌ನವರಿಗೆಲ್ಲ ಗೊತ್ತಿರೋದೇ: ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್, 2.5 ಗ್ರಾಂ ಸಲ್ಫ್ಯೂರಿಕ್ ಆಸಿಡ್, 55 ಡಿಗ್ರಿ. ಕೊಟ್ಟ ಕರೆಂಟಿನಲ್ಲಿ ನೂರಕ್ಕೆ 15ರಷ್ಟು ಮಾತ್ರ ಕ್ರೋಮ್ ಕೂರಿಸುತ್ತೆ. ಮಿಕ್ಕಿದ್ದು ಬಹುತೇಕ ಗ್ಯಾಸ್. ಗೋಲಿ ಸೋಡಾ ಒಡೆದಾಗ ಮುಖಕ್ಕೆ ಹನಿ ಸಿಡಿಯುತ್ತಲ್ಲ, ಹಾಗೇ ಗುಳ್ಳೆ ಒಡೆದು ಆಸಿಡ್ ಹನಿ ಗಾಳಿಗೆ ಏಳುತ್ತದೆ.

ನಮ್ಮ ಹಳೆಯ ಪ್ಲೇಟರ್ ಒಬ್ಬರಿಗೆ ಮೂಗಲ್ಲಿ ಪದೇ ಪದೇ ರಕ್ತ ಬರುತ್ತಿತ್ತು. ಡಾಕ್ಟರ್ ಒಂದು ಹೊಳ್ಳೆಗೆ ಟಾರ್ಚ್ ಹಾಕಿದರು. ಬೆಳಕು ಇನ್ನೊಂದು ಹೊಳ್ಳೆಯಲ್ಲಿ ಕಂಡಿತು. ನಡುವಿನ ಗೋಡೆಗೆ ತೂತು ಬಿದ್ದಿತ್ತು. ಅವರಿಗೆ ನೋವೇ ಇರಲಿಲ್ಲ. ಮೂಗಿನ ತೂತಾದರೆ ಟಾರ್ಚಿಗೆ ಕಾಣುತ್ತದೆ, ಶ್ವಾಸಕೋಶದೊಳಗೆ ಆಗೋದು ಕಾಣಲ್ಲ. ಅಲ್ಲಿಂದ ನಾನು ಇದರ ಹಿಂದೆ ಬಿದ್ದೆ.

ಆಸಿಡ್ ಹನಿಯಲ್ಲಿರುವ ಕ್ರೋಮಿಯಂ ದೇಹದಲ್ಲಿ ಕ್ರೋಮೇಟ್ ರೂಪದಲ್ಲಿರುತ್ತದೆ. ಕ್ರೋಮೇಟ್‌ನ ಆಕಾರ ದೇಹಕ್ಕೆ ಬೇಕಾದ ಸಲ್ಫೇಟ್‌ನದ್ದೇ. ಸಲ್ಫೇಟಿಗೆ ತೆರೆಯುವ ಬಾಗಿಲಲ್ಲೇ ಅದೂ ಜೀವಕೋಶದ ಒಳಗೆ ಹೋಗುತ್ತದೆ. ಒಳಗಿರುವ ವಿಟಮಿನ್ ಸಿ, ಗ್ಲುಟಾಥಯೋನ್ ಅದರಲ್ಲಿನ ಕ್ರೋಮಿಯಂ ಅನ್ನು +6 ಸ್ಥಿತಿಯಿಂದ +3 ಸ್ಥಿತಿಗೆ, ಅಂದರೆ ಆರರಿಂದ ಮೂರಕ್ಕೆ, ಇಳಿಸುತ್ತವೆ. ಇಳಿಯುವ ದಾರಿಯಲ್ಲಿ ಜೀವಕೋಶವನ್ನು ಸುಡುವಂಥ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಕೊನೆಗೆ ಉಳಿದ ಮೂರರ ಕ್ರೋಮಿಯಂ ಸುಲಭವಾಗಿ ಹೊರಗೆ ಬರಲ್ಲ, ಡಿಎನ್‌ಎಗೆ ಅಂಟಿ ಕೂರುತ್ತದೆ. ಶ್ವಾಸನಾಳ ಕವಲೊಡೆಯುವ ಜಾಗದಲ್ಲೇ ಇದು ಜಾಸ್ತಿ ಕೂಡುತ್ತದೆ. ಆರರ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ ಅಂತ 1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಮೊದಲ ಗುಂಪಿಗೆ (ಖಚಿತವಾಗಿ ಕ್ಯಾನ್ಸರ್ ತರುವವು) ಹಾಕಿದೆ.

ಮೊದಲು ಮಾಸ್ಕ್ ಕೊಡಿಸಿದೆ. ಬಿಸಿ ಟ್ಯಾಂಕಿನ ಮುಂದೆ ಬೆವರಿ ಅರ್ಧ ಗಂಟೆಯಲ್ಲಿ ಗದ್ದಕ್ಕೆ ಇಳಿಯಿತು. ಆಮೇಲೆ ದ್ರಾವಣದ ಮೇಲೆ ತೇಲಿ ಮುಚ್ಚುವ ಪ್ಲಾಸ್ಟಿಕ್ ಬಾಲ್. ಗ್ಯಾಸ್ ಏಳುವ ಕಡೆಯಿಂದಲೇ ಅವು ಪಕ್ಕಕ್ಕೆ ಸರಿಯುತ್ತವೆ, ರಾಡ್ ಎತ್ತಿದರೆ ಜೊತೆಗೇ ಮೇಲೆ ಬರುತ್ತವೆ. ಆಮೇಲೆ ನೊರೆ ಬರಿಸುವ ಕೆಮಿಕಲ್. ಹೊಗೆಯೇನೋ ಇಳಿಯಿತು, ಆದರೆ ದಪ್ಪ ಕೋಟಿಂಗಿನಲ್ಲಿ ಪಿಟ್ಟಿಂಗ್ (ಸಣ್ಣ ಸಣ್ಣ ಗುಳಿ) ಬಂದು ಒಂದು ಲಾಟ್ ಪೂರ್ತಿ ವಾಪಸ್ ಆಯಿತು. ಕೋಟಿಂಗ್ ತೆಗೆಯುವ ಸ್ಟ್ರಿಪ್ಪಿಂಗ್, ಗ್ರೈಂಡಿಂಗ್ ಎಲ್ಲ ಸೇರಿ 80 ಸಾವಿರದ ಹತ್ತಿರ ಹೋಯಿತು. ಇಂಥ ಕೆಮಿಕಲ್‌ಗಳಲ್ಲಿ ಬಳಸುತ್ತಿದ್ದ ಪಿಎಫ್ಒಎಸ್ ಎಂಬ ವಸ್ತು, ಪರಿಸರದಲ್ಲಿ ನಾಶವಾಗದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯಲ್ಲೂ 2009ರಿಂದ ಇದೆ. ಅದರ ಸಹವಾಸವೇ ಬೇಡ ಅಂತ ಬಿಟ್ಟೆ.

ಜಾಸ್ತಿ ಹೊಟ್ಟೆ ಉರಿದದ್ದು ಮೊದಲ ಎಕ್ಸಾಸ್ಟಿಗೆ. ಕಂಟ್ರಾಕ್ಟರ್ ಜಿಐ (ಸತು ಬಳಿದ ಕಬ್ಬಿಣದ) ಡಕ್ಟ್ ಹಾಕಿ ಒಂದೂಕಾಲು ಲಕ್ಷ ತಗೊಂಡ. ವರ್ಷದೊಳಗೆ ಡಕ್ಟ್ ತಿಂದುಹೋಗಿ ಜಾಯಿಂಟಿನಿಂದ ಹಳದಿ ಹನಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಕೊನೆಗೆ ಗೆದ್ದದ್ದು ಪುಶ್-ಪುಲ್. ಒಂದು ಅಂಚಲ್ಲಿ ತೂತು ಕೊರೆದ ಪಿವಿಸಿ ಪೈಪಿನಿಂದ ತೆಳ್ಳಗೆ ಗಾಳಿ ತಳ್ಳೋದು, ಎದುರು ಅಂಚಲ್ಲಿ ಉದ್ದ ಸೀಳಿರುವ ಸ್ಲಾಟ್ ಹುಡ್‌ನಿಂದ ಎಳೆಯೋದು. ಹುಡ್, ಡಕ್ಟ್ ಎರಡೂ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್), ಬ್ಲೋವರ್ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್), ನಡುವೆ ಹನಿ ಹಿಡಿಯುವ ಮೆಶ್ ಪ್ಯಾಡ್. ಇದೂ ಶುರುವಿನಲ್ಲಿ ಕೈ ಕೊಟ್ಟಿತು. ತಳ್ಳುವ ಗಾಳಿ ಜಾಸ್ತಿಯಾದರೆ ರಾಡ್ ನೇತುಹಾಕುವ ಫ್ಲೈಟ್ ಬಾರಿಗೆ ಬಡಿದು ಹೊಗೆ ಆಚೆ ಚೆಲ್ಲುತ್ತದೆ, ಕಮ್ಮಿಯಾದರೆ ನಡುವಲ್ಲೇ ಮೇಲೇಳುತ್ತದೆ. ತೂತಿನ ಸೈಜು, ಕೋನ ಎಷ್ಟು ಅಂತ ಇಲ್ಲಿ ಬರೆಯಲ್ಲ. ಅದು ಪೈಪುಗಳನ್ನು ಹಾಳು ಮಾಡಿ ಕಲಿತದ್ದು. ಒಂದು ಮಾತು ಮಾತ್ರ ಹೇಳ್ತೀನಿ: ಟ್ಯಾಂಕ್ ಹತ್ತಿರದ ಪೆಡೆಸ್ಟಲ್ ಫ್ಯಾನ್ ತೆಗೆಸಿ. ಬೇಸಿಗೆಯಲ್ಲಿ ಹುಡುಗರು ಫ್ಯಾನ್ ಬೇಕೇ ಬೇಕು ಅಂತ ಜಗಳ ಮಾಡಿದರು. ಆದರೆ ಅದು ತಿರುಗುತ್ತಿದ್ದರೆ ಎಂಥ ಪುಶ್-ಪುಲ್ ಇದ್ದೂ ಪ್ರಯೋಜನವಿಲ್ಲ. ಮೇಲೆ ಪಿಪಿ ಮುಚ್ಚಳ ಮಾಡಿಸಿದ ಮೇಲೆ ಬ್ಲೋವರ್ ವೇಗವನ್ನೂ ಇಳಿಸಿದೆ.

ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತು? ಫಿಲ್ಟರ್ ಪೇಪರ್ ಒದ್ದೆ ಮಾಡಿ, ಆಳಿನ ಮೂಗಿನ ಎತ್ತರಕ್ಕೆ ಟ್ಯಾಂಕ್ ಸುತ್ತ ಕಟ್ಟಿದೆ. ಸಂಜೆ ಬಿಚ್ಚಿ, ಆಸಿಡ್ ಬೆರೆಸಿದ ಡೈಫಿನೈಲ್ ಕಾರ್ಬಜೈಡ್ ಸಿಂಪಡಿಸಿದೆ; ಆರರ ಕ್ರೋಮಿಯಂ ಬಿದ್ದ ಕಡೆ ಅದು ನೇರಳೆಯಾಗುತ್ತದೆ. ಮೊದಲ ದಿನಗಳಲ್ಲಿ ಪೇಪರ್ ತುಂಬ ನೇರಳೆ ಚುಕ್ಕಿ. ಯಾವ ಮೂಲೆ ಸೋರುತ್ತದೆ ಅಂತ ಅದೇ ತೋರಿಸಿತು. ಈಗ ಹುಡುಕಿದರೆ ಒಂದೆರಡು ಸಿಗುತ್ತವೆ. ಲ್ಯಾಬಿನಿಂದಲೂ ಗಾಳಿ ಅಳೆಸಿದೆ. ಆರರ ಕ್ರೋಮಿಯಂ ಮೊದಲು ಘನ ಮೀಟರಿಗೆ 40 ಮೈಕ್ರೋಗ್ರಾಂ ಹತ್ತಿರ ಇತ್ತು, ಈಗ ಎರಡರ ಒಳಗೆ. ನಮ್ಮ ಫ್ಯಾಕ್ಟರೀಸ್ ಆಕ್ಟಿನಲ್ಲಿದ್ದ ಮಿತಿ 0.05 ಮಿಲಿಗ್ರಾಂ, ಅಂದರೆ 50 ಮೈಕ್ರೋಗ್ರಾಂ. ಮೂಗು ತೂತಾದ ಗಾಳಿಯೂ ಆ ಲೆಕ್ಕದಲ್ಲಿ ಪಾಸ್! ಅಮೆರಿಕದಲ್ಲಿ 2006ರಿಂದ ಮಿತಿ 5 ಮೈಕ್ರೋಗ್ರಾಂ. ನಾನು ಅದನ್ನೇ ಗುರಿ ಇಟ್ಟುಕೊಂಡೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕೈ ತೊಳೆಯುವ ನೀರಿಗೆ ಆಸ್ಕಾರ್ಬಿಕ್ ಆಸಿಡ್ (ವಿಟಮಿನ್ ಸಿ) ಪುಡಿ ಹಾಕಿದರೆ ಬೆರಳ ಸಂದಿಯ ಹಳದಿ ಬಣ್ಣ ಹಸಿರಿಗೆ ತಿರುಗುತ್ತದೆ, ಅಂದರೆ ಆರು ಮೂರಾಗುತ್ತದೆ. ಹಾಗಾದ್ರೆ ವಿಟಮಿನ್ ಸಿ ಮಾತ್ರೆ ನುಂಗಿದರೆ ಆಯ್ತಲ್ವಾ ಅಂತ ಒಬ್ಬ ಹುಡುಗ ಕೇಳಿದ. ಅದಲ್ಲ ವಿಷಯ. ಚರ್ಮದ ಮೇಲೆ ಆರು ಮೂರಾದರೆ ಒಳ್ಳೇದು, ಜೀವಕೋಶದೊಳಗೆ ಹೋಗಿ ಮೂರಾದರೆ ಅಲ್ಲೇ ಹಾಳು. ಮಾತ್ರೆ ನಂಬಿ ಬ್ಲೋವರ್ ಆಫ್ ಮಾಡಬಾರದು.

ಒಟ್ಟು ನಾಲ್ಕೂವರೆ ಲಕ್ಷ ಆಗಿರಬಹುದು. ಮೆಶ್ ಪ್ಯಾಡ್ ತೊಳೆದ ನೀರು ಟ್ಯಾಂಕಿಗೇ ವಾಪಸ್ ಹೋಗುತ್ತದೆ. ಅದರಿಂದ ಕ್ರೋಮಿಕ್ ಖರ್ಚಿನಲ್ಲಿ ತಿಂಗಳಿಗೆ ಮೂರ್ನಾಲ್ಕು ಸಾವಿರ ಉಳಿಯುತ್ತದೆ. ರೆಕ್ಟಿಫೈಯರ್ ಕಾಂಟ್ಯಾಕ್ಟ್‌ಗಳು ಹಸಿರುಗಟ್ಟೋದೂ ನಿಂತಿದೆ.

ಈಗ ಸಣ್ಣ ಟ್ಯಾಂಕಿಗೂ ಹಾಕಿಸುತ್ತಿದ್ದೇನೆ. ನೀವು ಕೊಟೇಶನ್ ತಗೊಳ್ಳುವಾಗ ಬ್ಲೋವರ್ ಎಷ್ಟು ಎಚ್‌ಪಿ ಅಂತ ಕೇಳಬೇಡಿ. ಸ್ಲಾಟಿನಲ್ಲಿ ಸೆಕೆಂಡಿಗೆ 10 ಮೀಟರ್ ವೇಗ ಉದ್ದಕ್ಕೂ ಸಿಗುತ್ತಾ ಅಂತ ಕೇಳಿ. ಎರಡು ತುದಿಗೂ, ನಡುವಿಗೂ ಗಾಳಿಯ ವೇಗ ಅಳೆಯುವ ಅನೆಮೋಮೀಟರ್ ಹಿಡಿದು ತೋರಿಸಿದ ಮೇಲೇ ಕೊನೇ ಕಂತು ಕೊಡಿ.