ಅರ್ಕಾವತಿಯ ದಡದಲ್ಲಿ ಜಿಯೋಕ್ಯಾಶಿಂಗ್: ನನ್ನ ಅನುಭವ

ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು ಅದರ ಅಕ್ಷಾಂಶ ರೇಖಾಂಶಗಳ ನೆರವಿನಿಂದ ಮತ್ತೊಬ್ಬರು ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲಿಯೇ ಮರಳಿ ಇಡುವ ಹವ್ಯಾಸವೇ ಜಿಯೋಕ್ಯಾಶಿಂಗ್. ನಾಗರಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಮೊದಲಲ್ಲಿ ನಿಲ್ಲಿಸಿತು. ಅದಾದ ಕೂಡಲೇ ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಮೊದಲ ಡಬ್ಬಿಯನ್ನು ಇಟ್ಟರು. ಬೆಂಗಳೂರಿನ ಉದ್ಯಾನಗಳಲ್ಲಿ ಈ ಹವ್ಯಾಸ ಕಲಿತ ನಾನು, ಮಂಚನಬೆಲೆ ಅಣೆಕಟ್ಟಿನಿಂದ ರಾಮನಗರದ ಕಡೆಗೆ ಅರ್ಕಾವತಿ ಹೊಳೆ ಇಳಿದು ಹೋಗುವ ದಡಕ್ಕೆ ಬಂದಾಗ ಬಹಳಷ್ಟನ್ನು ಹೊಸದಾಗಿ ಕಲಿಯಬೇಕಾಯಿತು. ಉದ್ಯಾನದಲ್ಲಿ ಓಡಾಡುವ ಜನರ ಕಣ್ಣು ತಪ್ಪಿಸುವುದೇ ಕಷ್ಟ. ಇಲ್ಲಿ ನೆಲವೇ ಕಷ್ಟ.

ಹೊಳೆಯ ದಾರಿಯಲ್ಲಿ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಮೊಬೈಲು ತೋರಿಸುವ ದೂರ ನೇರ ರೇಖೆಯದು ಎಂಬುದನ್ನು. ಪರದೆಯ ಮೇಲೆ 80 ಮೀಟರ್ ಎಂದಿದ್ದರೂ ಡಬ್ಬಿ ಆಚೆಯ ದಡದಲ್ಲಿದ್ದರೆ, ಸೇತುವೆಯವರೆಗೆ ಹೋಗಿ ಸುತ್ತಿಕೊಂಡು ಬರುವಷ್ಟರಲ್ಲಿ ಅರ್ಧ ದಿನವೇ ಕಳೆಯಬಹುದು. ಆದ್ದರಿಂದ ನಾನು ಹೊರಡುವ ಮುನ್ನ ಮನೆಯಲ್ಲಿಯೇ ಉಪಗ್ರಹ ಚಿತ್ರವನ್ನು ನೋಡಿ, ಡಬ್ಬಿ ಯಾವ ದಡದಲ್ಲಿದೆ, ದಾರಿ ಎಲ್ಲಿ ಬಂಡೆಗೆ ಅಡ್ಡವಾಗಿ ಮೇಲೇರಬೇಕಾಗುತ್ತದೆ ಎಂಬುದನ್ನು ಗುರುತಿಸಿಕೊಂಡು, ನೆಟ್‌ವರ್ಕ್ ಸಿಗದಿದ್ದರೂ ತೆರೆಯುವಂತೆ ನಕ್ಷೆಯನ್ನು ಉಳಿಸಿಕೊಳ್ಳುತ್ತೇನೆ. ದನ, ಕುರಿ ಮೇಯಿಸುವವರಷ್ಟೇ ಬಳಸುವ ಕಾಲುದಾರಿ ಮಳೆಗಾಲ ಮುಗಿಯುವ ಹೊತ್ತಿಗೆ ಲಂಟಾನದ ಪೊದೆಯಲ್ಲಿ ಮುಚ್ಚಿಹೋಗಿರುತ್ತದೆ. ಉದ್ದ ತೋಳಿನ ಅಂಗಿ, ಗಟ್ಟಿ ಬೂಟು, ಒಂದು ಕೋಲು ಇಲ್ಲದೆ ಅಲ್ಲಿ ಕಾಲಿಡಬಾರದು, ಒಬ್ಬರೇ ಹೋಗಲೂಬಾರದು.

ಅಕ್ಷಾಂಶದ ಒಂದು ನಿಮಿಷದ ಸಾವಿರದ ಒಂದು ಪಾಲು ನೆಲದ ಮೇಲೆ ಸುಮಾರು 1.85 ಮೀಟರ್ ಆಗುತ್ತದೆ. ಲೆಕ್ಕ ಇಷ್ಟು ಸೂಕ್ಷ್ಮವಾಗಿದ್ದರೂ ಹೊಳೆಮತ್ತಿಯ ದಟ್ಟ ನೆರಳಿನಲ್ಲಿ, ಎತ್ತರದ ಬಂಡೆಯ ಪಕ್ಕದಲ್ಲಿ ಸಂಕೇತ ಪ್ರತಿಫಲಿಸಿ ಬರುವುದರಿಂದ ಮೊಬೈಲಿನಲ್ಲಿ ಡಬ್ಬಿಯ ದಿಕ್ಕು ತೋರಿಸುವ ಸೂಜಿ ಒಂದೇ ಸಮನೆ ಅಲೆಯತೊಡಗುತ್ತದೆ. ಕೊನೆಯ ಹತ್ತು ಹದಿನೈದು ಮೀಟರಿಗೆ ಬಂದಾಗ ನಾನು ಮೊಬೈಲನ್ನು ಜೇಬಿಗಿಟ್ಟು, ಡಬ್ಬಿ ಇಟ್ಟವರ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಂಡು ನೋಡುತ್ತೇನೆ: ನೀರು ತಾಗದ, ಬಿಸಿಲು ಬೀಳದ, ಕೈ ಮಾತ್ರ ಹೋಗುವ ಸಂದು ಯಾವುದು? ಸಹಜವಾಗಿ ಬಿದ್ದಂತೆ ಕಾಣದ ಕಲ್ಲಿನ ಜೋಡಣೆಯೇ ಹೆಚ್ಚಿನ ಸಲ ಗುಟ್ಟು ಬಿಟ್ಟುಕೊಡುತ್ತದೆ. ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಹಾಕಿ ನೋಡುವುದು ಕಡ್ಡಾಯ, ಏಕೆಂದರೆ ಹಾವಿಗೂ ಚೇಳಿಗೂ ಅಂಥ ಜಾಗವೇ ಬೇಕು.

ನಾನೇ ಡಬ್ಬಿ ಇಡಲು ಹೊರಟಾಗ ಹೆಚ್ಚು ಸಮಯ ಹಿಡಿದದ್ದು ಜಾಗದ ಆಯ್ಕೆ. ಮರದ ಬುಡಕ್ಕೆ, ಕೊಂಬೆಗೆ ಸಿಕ್ಕಿಕೊಂಡ ಒಣಹುಲ್ಲು, ಪ್ಲಾಸ್ಟಿಕ್ ಚೂರುಗಳು ಹಿಂದಿನ ಪ್ರವಾಹ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ತೋರಿಸುತ್ತವೆ. ಆ ಗೆರೆಗಿಂತ ಸಾಕಷ್ಟು ಮೇಲೆ ಇಡದಿದ್ದರೆ ಡಬ್ಬಿ ತೇಲಿಹೋಗಿ ಹೊಳೆಗೆ ಮತ್ತೊಂದು ಕಸವಾಗುತ್ತದೆ. ಮೇಲೆ ಅಣೆಕಟ್ಟು ಇರುವುದರಿಂದ ಮಳೆಯಿಲ್ಲದ ದಿನವೂ ನೀರು ಬಿಡಬಹುದು ಎಂಬುದನ್ನು ಮರೆಯುವಂತಿಲ್ಲ. ಅಂಚಿನ ಹೊಲದ ಯಜಮಾನರ ಬಳಿ ಹೋಗಿ ಡಬ್ಬಿಯನ್ನು ತೆರೆದು ತೋರಿಸಿ ಒಪ್ಪಿಗೆ ಕೇಳಿದೆ. “ಇಟ್ಕೊಳ್ಳಿ ಸ್ವಾಮಿ, ಬಂದೋರು ಬೇಲಿ ಮಾತ್ರ ಮುರೀಬಾರ್ದು” ಎಂದರು. ಆ ಮಾತನ್ನು ಜಿಯೋಕ್ಯಾಶಿಂಗ್ ಜಾಲತಾಣದಲ್ಲಿ ಈ ಡಬ್ಬಿಗೆ ಕೊಟ್ಟ ವಿವರಣೆಯ ಮೊದಲ ಸಾಲಾಗಿಯೇ ಬರೆದಿದ್ದೇನೆ. ಅರಣ್ಯದ ಗಡಿಯೊಳಗಾದರೆ ಇಲಾಖೆಯ ಅನುಮತಿಯಿಲ್ಲದೆ ಇಡುವ ಯೋಚನೆಯನ್ನೇ ಮಾಡಬಾರದು.

ನೆಲ ಅಗೆದು ಹೂಳುವಂತಿಲ್ಲ, ಮತ್ತೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು, ತಿಂಡಿ ಇಡಬಾರದು ಎಂಬ ನಿಯಮಗಳನ್ನು ಪಾಲಿಸುವುದು ಸುಲಭ. ಸ್ಥಾನವನ್ನು ಸರಿಯಾಗಿ ಅಳೆಯಲು ತಾಳ್ಮೆ ಬೇಕು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಸರಾಸರಿ ತೆಗೆದೆ. ಕಷ್ಟಕ್ಕೂ ನೆಲದ ಸ್ವರೂಪಕ್ಕೂ 1ರಿಂದ 5ರವರೆಗೆ (ಹೆಚ್ಚಿದಷ್ಟೂ ಕಠಿಣ) ಅಂಕ ಕೊಡುವ ಪದ್ಧತಿಯಲ್ಲಿ ಹುಡುಕುವ ಕಷ್ಟಕ್ಕೆ 2, ನೆಲಕ್ಕೆ 3.5 ಕೊಟ್ಟಿದ್ದೇನೆ. ಅಂಕ ನೋಡಿಯೇ ಮಕ್ಕಳನ್ನು ಕರೆದುಕೊಂಡು ಬರುವವರಿರುವುದರಿಂದ ಇಲ್ಲಿ ಉದಾರತೆ ಸಲ್ಲದು. ಮಳೆಗಾಲದ ತಿಂಗಳುಗಳಲ್ಲಿ ಡಬ್ಬಿಯನ್ನು ತಾತ್ಕಾಲಿಕವಾಗಿ ಜಾಲತಾಣದ ಪಟ್ಟಿಯಿಂದ ಹಿಂತೆಗೆದುಕೊಂಡು, ನೀರಿಳಿದ ಮೇಲೆ ಹೋಗಿ ಮುಚ್ಚಳದ ರಬ್ಬರನ್ನೂ ಪುಸ್ತಕವನ್ನೂ ಪರೀಕ್ಷಿಸಿದ ನಂತರವೇ ಮತ್ತೆ ತೆರೆಯುತ್ತೇನೆ.